ಗಜ, ಚಿಂದಿ, ಎರಡು ಹನಿ ಎಣ್ಣೆ

ಸೆಪ್ಟೆಂಬರ್ ಹುಟ್ಟುವಷ್ಟರಲ್ಲಿ ಕೊಡಗಿನ ಗದ್ದೆಗಳಲ್ಲಿ ನಾಟಿ ಮುಗಿದಿರುತ್ತದೆ; ಮಳೆ ಮಾತ್ರ ಮುಗಿದಿರುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ ಕೊಡವ ಕುಲದ ಹಿರಿಮನೆಯಾದ ಐನ್‌ಮನೆಯೊಂದರ ಜಗಲಿಯಲ್ಲಿ, ಅಂದರೆ ಕೈಯಾಲೆಯಲ್ಲಿ, ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಜೋಡಿ ನಳಿಕೆಯ ಕೋವಿಯೊಂದನ್ನು ಮೂರು ತುಂಡಾಗಿ ಬಿಡಿಸಿಟ್ಟಿದ್ದರು. ಮನೆಯ ಹಿರಿಯರು ನಳಿಕೆಯನ್ನು ಎತ್ತಿ, ಅಂಗಳದ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನ ಕೈಗೂ ಕೊಟ್ಟರು. ಒಳಗೆ ಬೆಳಕು ಬಳೆ ಬಳೆಯಾಗಿ, ಒಂದರೊಳಗೊಂದು ಕೂತು, ತುದಿಯವರೆಗೂ ಹೋಗಿತ್ತು. ಒಂದು ಕಡೆ ಮಾತ್ರ ಬಳೆ ಮುಕ್ಕಾಗಿತ್ತು.

“ಅದು ಈಡು ಹೊಡೆದು ಆದದ್ದಲ್ಲ. ಹಿಂದೆ ತುಕ್ಕು ಹಿಡಿದಿತ್ತು. ಯಾರೋ ಕಬ್ಬಿಣದ ಸರಳಿಗೆ ಎಮರಿ ಕಾಗದ ಸುತ್ತಿ ತಿಕ್ಕಿದರು. ತುಕ್ಕೂ ಹೋಯಿತು, ಜತೆಗೆ ನಳಿಕೆಯೂ ಹೋಯಿತು” ಎಂದರು.

ಬಂದೂಕು ಬಲ್ಲವರ ನಡುವೆ ಹಳೆಯ ಮಾತೊಂದಿದೆ: ಗುಂಡು ಹೊಡೆದು ಸವೆದ ನಳಿಕೆಗಿಂತ ತಿಕ್ಕಿ ಸವೆದ ನಳಿಕೆಗಳೇ ಹೆಚ್ಚು. ನಳಿಕೆ ತೊಳೆಯುವ ಸಾಮಾನುಗಳನ್ನು ಆರಿಸುವಾಗ ನೆನಪಿಡಬೇಕಾದದ್ದೂ ಅದನ್ನೇ. ಕೊಳೆ ತೆಗೆಯುವ ಶಕ್ತಿ ಸಾಮಾನಿಗೆ ಎಷ್ಟಿದೆ ಎನ್ನುವುದಕ್ಕಿಂತ, ಅದು ಉಕ್ಕನ್ನು ಎಷ್ಟು ಮುಟ್ಟದೆ ಬಿಡುತ್ತದೆ ಎನ್ನುವುದು ಮುಖ್ಯ.

ಹೆಚ್ಚಿನ ಕಡೆ ಸೆಪ್ಟೆಂಬರ್ 3ರಂದು ಬರುವ ಕೈಲ್ ಪೊಳ್ದ್ ಕೊಡವರ ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದೊರೆಸಿ ಒಳಗೆ ಜೋಡಿಸಿ, ಗಂಧ ಹಚ್ಚಿ, ತೋಕ್‌ಪೂ ಮುಡಿಸುತ್ತಾರೆ. ತೋಕ್ ಎಂದರೆ ಕೋವಿ; ಬೇರೆ ಕಡೆಯವರು ಗೌರಿಹೂ, ಅಗ್ನಿಶಿಖೆ ಎನ್ನುವ ಹೂವು ಕೊಡವರ ಬಾಯಲ್ಲಿ ಕೋವಿಯ ಹೂವಾಗಿದೆ. ಪೂಜೆ ಮುಗಿದು, ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ಹೀಗೆ ಬಾಳಿನ ಎರಡೂ ತುದಿಗೆ ಕೋವಿಯ ಸದ್ದು ಬೇಕು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕದ್ದು ಬ್ರಿಟಿಷರ ಕಾಲದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯಂತೂ ನಿಂತಿದೆ. ಹಾಗಾಗಿ ಎಷ್ಟೋ ಮನೆಗಳ ಕೋವಿ ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ ಸದ್ದು ಮಾಡುತ್ತದೆ. ಅಂಥ ಕೋವಿಗೆ ಶತ್ರು ಮಸಿಯಲ್ಲ, ತಿಂಗಳುಗಟ್ಟಲೆ ಗೋಡೆಯಲ್ಲೇ ಜಿನುಗುವ ಶೀತ. ಆ ಶೀತಕ್ಕೆ ಹೆದರಿ ಬೇಕಾಬಿಟ್ಟಿ ತಿಕ್ಕುವ ಕೈ ಎರಡನೆಯ ಶತ್ರು.

ಸಾಮಾನು ಆರಿಸುವ ಮೊದಲು ನಳಿಕೆಯ ಜಾತಿ ತಿಳಿದಿರಬೇಕು. ಚರೆ ಹೊಡೆಯುವ ಕೋವಿಯ ನಳಿಕೆ ಒಳಗೆ ನುಣುಪು. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಎರಕ ಹೊಯ್ದರೆ, ಅಂಥ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಕೆ 12 ಬೋರ್. ಮಿಲಿಮೀಟರಿನಲ್ಲಿ ಸುಮಾರು 18.5. ಹೆಬ್ಬೆರಳು ತೂರುವಷ್ಟು ಜಾಗ. ರೈಫಲ್ಲಿನದು ಬೇರೆಯೇ ಲೋಕ. ಪಾಯಿಂಟ್ ಟೂ ಟೂ ರೈಫಲ್ಲಿನ ತೂತು 5.6 ಮಿ.ಮೀ., ಪೆನ್ಸಿಲೂ ಹೋಗದು. ಒಳಗೆ ಸುರುಳಿ ಸುತ್ತಿದ ತೋಡುಗಳು. ಹಳೆಯ .303 ಲೀ-ಎನ್‌ಫೀಲ್ಡ್ ನಳಿಕೆಯಲ್ಲಿ ಸಾಮಾನ್ಯವಾಗಿ ಐದು ತೋಡು. ಪ್ರತಿ 10 ಇಂಚಿಗೊಮ್ಮೆ ಎಡಕ್ಕೆ ಒಂದು ಸುತ್ತು. ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಕಳಿಸುವುದು ಈ ತೋಡುಗಳೇ.

ಕೊಳೆಯೂ ಅದಕ್ಕೆ ತಕ್ಕಂತೆ. ಚರೆ ಕೋವಿಯಲ್ಲಿ ಮದ್ದಿನ ಮಸಿ, ಸೀಸದ ಗೆರೆ, ಈಚಿನ ತೋಟೆಗಳಾದರೆ ಚರೆಯನ್ನು ಹೊತ್ತು ಸಾಗುವ ಪ್ಲಾಸ್ಟಿಕ್ ವ್ಯಾಡ್ ಉಜ್ಜಿ ಉಳಿಸಿದ ಪೊರೆ. ರೈಫಲ್ಲಿನಲ್ಲಿ ಮಸಿಯ ಜತೆಗೆ ಗುಂಡಿನ ಮೇಲ್ಪದರದ ತಾಮ್ರ. ಹಾಗಾಗಿ ಒಂದೇ ಡಬ್ಬಿಯ ಸಾಮಾನು ಎರಡಕ್ಕೂ ಸಾಲದು.

ಮೊದಲು ಬರುವುದು ಗಜ. ಹಿಂದೆ ಮದ್ದು ಜಡಿಯಲಿಕ್ಕೂ ಅದೇ, ಒರೆಸಲಿಕ್ಕೂ ಅದೇ ಆಗಿತ್ತು. ಈಗಿನದು ಒರೆಸುವ ಕೋಲು ಮಾತ್ರ. ಚರೆ ಕೋವಿಗೆ ಮೂರು ತುಂಡು ಜೋಡಿಸುವ ಮರದ ಗಜವೇ ಸಾಕು. ಅಗಲ ಬೇಕಾದಷ್ಟಿದೆ, ಮರ ಉಕ್ಕನ್ನು ಗೀರುವುದಿಲ್ಲ. ಹಿತ್ತಾಳೆಯ ತಿರುಪುಗಳು ಸಡಿಲವಾಗಿಲ್ಲವೇ ಎಂದು ನೋಡಿಕೊಂಡರಾಯಿತು. ರೈಫಲ್ಲಿಗೆ ತುಂಡು ಜೋಡಿಸಿದ ಗಜ ಬೇಡ. ಕಿರಿದಾದ ನಳಿಕೆಯಲ್ಲಿ ಗಜ ಬಾಗುತ್ತದೆ, ಬಾಗಿದಾಗ ಕೀಲಿನ ಅಂಚು ತೋಡುಗಳ ಮೈಗೆ ಉಜ್ಜುತ್ತದೆ. ಒಂದೇ ತುಂಡಿನದು ಆಗಬೇಕು.

ಯಾವ ಲೋಹದ್ದು ಎನ್ನುವುದು ಹಳೆಯ ವಾದ. ಮೆತ್ತಗಿನ ಅಲ್ಯುಮಿನಿಯಮ್ ಒಳ್ಳೆಯದೆಂದು ಯಾರಿಗಾದರೂ ತೋರುತ್ತದೆ. ಆದರೆ ಮೆತ್ತಗಿನ ಲೋಹದಲ್ಲಿ ಮರಳಿನ ಕಣ ನಾಟಿಕೊಳ್ಳುತ್ತದೆ. ನಾಟಿಕೊಂಡ ಮೇಲೆ ಗಜ ಅರವೇ ಆಗುತ್ತದೆ. ನಯಗೊಳಿಸಿದ ಉಕ್ಕು ಕಣ ಹಿಡಿಯದು, ಸುಲಭಕ್ಕೆ ಬಾಗದು. ಆದರೆ ನಳಿಕೆಯ ಬಾಯಿಗೆ ತಗುಲಿದರೆ ಗಾಯ ಮಾಡೀತು. ಅದಕ್ಕೇ ಉಕ್ಕಿನ ಮೇಲೆ ನೈಲಾನ್ ಹೊದಿಸಿದ್ದು, ಕಾರ್ಬನ್ ಫೈಬರಿನದು ಎಂದೆಲ್ಲ ಬಂದಿವೆ. ಯಾವುದನ್ನೇ ಕೊಳ್ಳಿ, ಪ್ರತಿ ಸಲ ಒಳಗೆ ಹಾಕುವ ಮೊದಲು ಗಜವನ್ನೇ ಒಮ್ಮೆ ಒರೆಸಿ. ಹಿಡಿಯಲ್ಲಿ ಬೇರಿಂಗ್ ಇರಲಿ. ಸುರುಳಿ ತೋಡಿನ ಜತೆಗೆ ಗಜ ತಾನೇ ತಿರುಗಬೇಕು. ತಿರುಗದ ಗಜದ ಬ್ರಷ್ ತೋಡನ್ನು ಬಿಟ್ಟು ದಿಣ್ಣೆಗಳ ಮೇಲೆ ಅಡ್ಡ ಹಾಯುತ್ತದೆ, ಕೊಳೆ ತೋಡಿನಲ್ಲೇ ಉಳಿಯುತ್ತದೆ. ಕೊಳ್ಳುವ ಮುನ್ನ ಗಜದ ತಿರುಪಿನ ಅಳತೆ ನೋಡಿ. ಚರೆ ಕೋವಿಯ ಗಜಕ್ಕೂ ರೈಫಲ್ ಗಜಕ್ಕೂ ಅಳತೆ ಬೇರೆ. ದೇಶ ಬದಲಾದರೂ ಬೇರೆ. ಬ್ರಷ್ ಮನೆಗೆ ತಂದ ಮೇಲೆ ಕೂರದೇ ಹೋದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಸಾಧ್ಯವಿರುವಲ್ಲೆಲ್ಲ ತೋಟೆ ತುಂಬುವ ಕಡೆಯಿಂದಲೇ ತೊಳೆಯಬೇಕು. ಗುಂಡು ನಳಿಕೆಯನ್ನು ಕೊನೆಯದಾಗಿ ಮುಟ್ಟುವುದು ಬಾಯಿಯ ಅಂಚಿನಲ್ಲಿ. ಆ ಅಂಚು ಒಂದು ಕಡೆ ಕೂದಲೆಳೆಯಷ್ಟು ಸವೆದರೂ ಹಿಂದಿನಿಂದ ನುಗ್ಗುವ ಗಾಳಿ ಗುಂಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ಗುರಿ ಹೋಗುತ್ತದೆ. ಬೋಲ್ಟ್ ಕಳಚಿ ಹಿಂದಿನಿಂದ ಗಜ ಹಾಕುವಾಗಲೂ ಅದು ನಡುವೆಯೇ ಸಾಗುವಂತೆ ಹಿಡಿಯುವ ಪ್ಲಾಸ್ಟಿಕ್ ಕೊಳವೆಯೊಂದಿದೆ, ಹೆಸರು ಬೋರ್ ಗೈಡ್. ಗಜಕ್ಕೆ ಹಣ ಸುರಿದು ಇದನ್ನು ಬಿಟ್ಟವರು, ಚಪ್ಪಲಿ ಕೊಂಡು ಕೈಯಲ್ಲಿ ಹಿಡಿದು ನಡೆದವರ ಹಾಗೆ.

ಗಜದ ತುದಿಗೆ ಏನು ಸಿಕ್ಕಿಸಬೇಕು? ಮೆತ್ತಗಿನದರಿಂದ ಶುರುಮಾಡಿ, ಬೇಕಾದರೆ ಮಾತ್ರ ಬಿರುಸಿನದಕ್ಕೆ ಹೋಗಬೇಕು. ಬಟ್ಟೆ, ಆಮೇಲೆ ನೈಲಾನ್ ಬ್ರಷ್, ಅದೂ ಸಾಲದಿದ್ದರೆ ಫಾಸ್ಫರ್ ಬ್ರಾಂಜ್ ಬ್ರಷ್. ಉಕ್ಕಿನ ತಂತಿಯ ಬ್ರಷ್ ಅಂಗಡಿಯಲ್ಲೇ ಇರಲಿ. ಬ್ರಾಂಜ್ ಉಕ್ಕಿಗಿಂತ ಮೆದು. ಸೀಸ, ಪ್ಲಾಸ್ಟಿಕ್ಕಿನ ಪೊರೆ ಎಬ್ಬಿಸುವಷ್ಟು ಮಾತ್ರ ಗಡಸು. ಈ ಬ್ರಷ್ಷನ್ನು ನಳಿಕೆಯ ನಡುವೆ ಹಿಂದಕ್ಕೆಳೆಯಬಾರದು. ಮುಂದಕ್ಕೆ ಬಾಗಿದ ಕೂದಲುಗಳು ಮಧ್ಯದಲ್ಲಿ ದಿಕ್ಕು ಬದಲಿಸಲಾರದೆ ಮುರಿಯುತ್ತವೆ, ಇಲ್ಲವೇ ಬ್ರಷ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಪೂರ್ತಿ ಆಚೆ ದಾಟಿಸಿಯೇ ವಾಪಸು ತರಬೇಕು. ಕೊನೆಯಲ್ಲಿ ಎಣ್ಣೆ ಸವರಲು ಉಣ್ಣೆಯ ಮಾಪ್. ಎಣ್ಣೆಯ ಮಾಪನ್ನು ಮಸಿಗೆ ಬಳಸಿದರೆ ಮುಂದಿನ ಸಲ ಎಣ್ಣೆಯ ಜತೆ ಮಸಿಯನ್ನೂ ಬಳಿದಂತೆ.

ಬಟ್ಟೆಯ ಮಾತು ಬಂದರೆ ಎನ್‌ಸಿಸಿಯಲ್ಲಿದ್ದವರಿಗೆ ಚಿಂದಿ ನೆನಪಾಗದೆ ಇರದು. ಒರೆಸುವ ಚಿಂದಿ 4 ಇಂಚು ಉದ್ದ, 2 ಇಂಚು ಅಗಲ. ಎಣ್ಣೆ ಹಚ್ಚುವುದು ಇನ್ನೂ ಕಿರಿದು. ಅದನ್ನು ಎಳೆಯುವುದು ಪುಲ್‌ಥ್ರೂ: ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಹುರಿ. ಲೀ-ಎನ್‌ಫೀಲ್ಡಿನಲ್ಲಿ ಬಟ್ಟಿನ ಹಿತ್ತಾಳೆ ಮುಚ್ಚಳ ತೆರೆದರೆ ಎಣ್ಣೆಯ ಪುಟ್ಟ ಕುಪ್ಪಿಯ ಜತೆ ಇದೂ ಒಳಗೇ ಇರುತ್ತದೆ. ಹುರಿಯಲ್ಲಿ ಮೂರು ಕುಣಿಕೆ. ಒಂದು ತಂತಿಬಲೆಗೆ, ಇನ್ನೊಂದು ಚಿಂದಿಗೆ. ಮೂರನೆಯದು ಯಾಕೆ ಎಂದು ಕೇಳಿದಾಗ ನಮ್ಮ ಉಸ್ತಾದರು “ನಿಮ್ಮಂಥವರಿಗೆ” ಎಂದಿದ್ದರು. ಚಿಂದಿ ದಪ್ಪವಾಗಿ ನಳಿಕೆಯಲ್ಲಿ ಸಿಕ್ಕಿಕೊಂಡರೆ, ಶಸ್ತ್ರ ರಿಪೇರಿಯವನು ಹಿಂದಕ್ಕೆ ಎಳೆಯಲು ಅದು. ಕ್ಯಾಂಪಿನಲ್ಲಿ ನಾನು ಚಿಂದಿಯನ್ನು ಎರಡು ಮಡಿಕೆ ಮಾಡಿ, ಜಾಸ್ತಿ ಚೊಕ್ಕವಾಗಲಿ ಎಂದು ಎಳೆದೆ. ಅರ್ಧ ದಾರಿಯಲ್ಲಿ ನಿಂತಿತು. ಇನ್ನೊಬ್ಬ ಕೆಡೆಟ್ ಸೊಂಟ ಹಿಡಿದು ಎಳೆದಾಗ ಹುರಿಯೇ ತುಂಡಾಯಿತು. ಆ ಸಂಜೆ ಊಟಕ್ಕೆ ನಾವಿಬ್ಬರೂ ಕೊನೆಯ ಸಾಲು. ಚಿಂದಿ ಬಿಗಿಯಾಗಿರಬೇಕು, ಆದರೆ ಒಂದೇ ಸಲಕ್ಕೆ ನಿಲ್ಲದೆ ಬರಬೇಕು. ಈ ಅಂದಾಜು ಕೈಗೆ ಬರುವ ತನಕ ತೆಳ್ಳಗಿನದೇ ಕ್ಷೇಮ.

ಪುಲ್‌ಥ್ರೂವಿನ ಮೊಮ್ಮಗ ಬೋರ್ ಸ್ನೇಕ್. ಬ್ರಷ್, ಬಟ್ಟೆ ಎರಡನ್ನೂ ಒಂದೇ ಹಗ್ಗದಲ್ಲಿ ಹೆಣೆದದ್ದು. ತೋಟದಲ್ಲಿ, ಪಂದ್ಯದ ಮೈದಾನದಲ್ಲಿ ಚೀಲದಲ್ಲಿಟ್ಟುಕೊಳ್ಳಲು ಅನುಕೂಲ. ಆದರೆ ಅದನ್ನು ಒಗೆಯಬೇಕು. ಒಗೆಯದ ಬೋರ್ ಸ್ನೇಕ್ ನಿನ್ನೆಯ ಮಸಿಯನ್ನು ಇವತ್ತು ಮತ್ತೆ ನಳಿಕೆಗೆ ಬಡಿಸುತ್ತದೆ.

ಇನ್ನು ದ್ರವ. ಕೊಳೆ ಕರಗಿಸುವುದು ಒಂದು, ಕಾಯುವುದು ಇನ್ನೊಂದು. ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆ, ಆಮೇಲೆ ಆರಿ ಹೋಗಿ ಉಕ್ಕನ್ನು ಬರಿಮೈಯಲ್ಲಿ ಬಿಡುತ್ತದೆ. ಮಳೆಗಾಲದಲ್ಲಿ ಬರಿಮೈ ಉಕ್ಕು ತುಕ್ಕಿಗೆ ಹಬ್ಬದೂಟ. ತಾಮ್ರ ಕರಗಿಸುವ ಅಮೋನಿಯಾ ಬೆರೆತ ದ್ರಾವಣಗಳಿವೆ. ಚಿಂದಿ ನೀಲಿ-ಹಸಿರಾಗಿ ಹೊರಬಂದರೆ ತಾಮ್ರ ಬಿಡುತ್ತಿದೆ ಎಂದರ್ಥ. ಇಲ್ಲೊಂದು ಮೋಸವಿದೆ. ಬ್ರಷ್, ಗಜದ ತುದಿ ಹಿತ್ತಾಳೆ ಅಥವಾ ಬ್ರಾಂಜಿನದಾಗಿದ್ದರೆ ದ್ರಾವಣ ಅದನ್ನೂ ತಿನ್ನುತ್ತದೆ, ಆ ನೀಲಿ ನಳಿಕೆಯದಲ್ಲ. ನಳಿಕೆ ಚೊಕ್ಕವಾದ ಮೇಲೂ ಮನುಷ್ಯ ಉಜ್ಜುತ್ತಲೇ ಇರುತ್ತಾನೆ. ತಾಮ್ರದ ಕೆಲಸಕ್ಕೆ ನೈಲಾನ್ ಬ್ರಷ್ ಇಟ್ಟುಕೊಂಡರೆ ಈ ತಾಪತ್ರಯವಿಲ್ಲ.

ಕೆಲವು ಕೊಳೆಗೆ ಯಾವ ಎಣ್ಣೆಯೂ ನಾಟುವುದಿಲ್ಲ. ಹಳೆಯ .303 ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ನೆಂಟ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಸೈನಿಕರು ನಳಿಕೆಗೆ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದರು. ಕರಿಮದ್ದಿನ ಕೇಪಿನ ಕೋವಿಗೂ ಬಿಸಿನೀರೇ ಮದ್ದು. ಬಿಸಿಗೆ ಉಕ್ಕು ತಾನೇ ಬೇಗ ಆರುತ್ತದೆ. ಆರಿದ ಕೂಡಲೇ ಎಣ್ಣೆ.

ಕಾಯುವ ಎಣ್ಣೆ ಎಂದರೆ ಎಷ್ಟೋ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಅದು ಏನಾಗಿರುತ್ತದೆಂದು ಎಲ್ಲರಿಗೂ ಗೊತ್ತು. ಕೋವಿಯ ಸಂದುಗಳಲ್ಲೂ ಅದೇ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಅದಕ್ಕಿಂತ ಮೇಲು. ದೀರ್ಘಕಾಲ ಇಡುವುದಾದರೆ ತುಕ್ಕು ತಡೆಯಲೆಂದೇ ಮಾಡಿದ್ದು ಉತ್ತಮ. ಎರಡು ಹನಿ ಸಾಕು. ಹೆಚ್ಚಾದದ್ದು ಇಳಿದು ಮರದ ಹಿಡಿಗೆ ಇಂಗಿ ಮರವನ್ನು ಮೆದು ಮಾಡುತ್ತದೆ. ಹಳಬರು ಎಣ್ಣೆ ಹಾಕಿದ ಕೋವಿಯನ್ನು ಒಂದು ರಾತ್ರಿ ಬಾಯಿ ಕೆಳಗಾಗಿ ನಿಲ್ಲಿಸುತ್ತಿದ್ದುದು ಅದಕ್ಕೇ. ಬಟ್ಟೆ, ಚರ್ಮದ ಚೀಲದಲ್ಲಿ ತುಂಬಿಡುವುದಂತೂ ಕೂಡದು, ಚೀಲ ಶೀತ ಹೀರಿ ಹಿಡಿದಿಡುತ್ತದೆ. ಮತ್ತೆ ಗುಂಡು ಹೊಡೆಯುವ ಮುನ್ನ ಒಣ ಚಿಂದಿ ಎಳೆದು, ನಳಿಕೆಯ ಆಚೆಬದಿ ಕಾಣುತ್ತದೆಯೇ ನೋಡಲೇಬೇಕು. ಮೂಲೆಯಲ್ಲಿಟ್ಟ ನಳಿಕೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು, ಮರೆತ ಚಿಂದಿ ಇರಬಹುದು. ಎರಡರಲ್ಲಿ ಯಾವುದಿದ್ದರೂ ನಳಿಕೆ ಬಿರಿಯುತ್ತದೆ.

ಇಷ್ಟನ್ನೆಲ್ಲ ನಾನು ಪಟ್ಟಿ ಮಾಡಿಕೊಳ್ಳುತ್ತಿದ್ದರೆ, ಕೈಯಾಲೆಯ ಹಿರಿಯರು ತೋಟೆಮನೆ ಖಾಲಿಯಿದೆಯೆಂದು ಅದಾಗಲೇ ಎರಡು ಸಲ ನೋಡಿದ್ದರೂ ಮೂರನೆಯ ಸಲ ಬೆರಳು ಹಾಕಿ ನೋಡಿದರು. ಆಮೇಲೆ ಬ್ರಷ್ಷಿಗೆ ಕೈ ಹಾಕುತ್ತಾರೆಂದುಕೊಂಡೆ. ಹಾಕಲಿಲ್ಲ. ಪಕ್ಕದಲ್ಲಿದ್ದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹರಿದು, ಉಂಡೆ ಮಾಡಿ, ನಳಿಕೆಗೆ ತುರುಕಿ, ಬರಿಯ ಗಜದಿಂದ ಮೆಲ್ಲಗೆ ತಳ್ಳಿದರು. ಆಚೆ ಬಿದ್ದ ಉಂಡೆ ಕಪ್ಪಾಗಿತ್ತು. ಎರಡನೆಯದು ಬೂದಿ ಬಣ್ಣಕ್ಕೆ ಬಂತು. ಮೂರನೆಯದರಲ್ಲಿ ಅಕ್ಷರ ಓದಬಹುದಿತ್ತು. ಬ್ರಷ್ ಡಬ್ಬಿಯಲ್ಲೇ ಉಳಿಯಿತು.

ನಾನು ಚೀಲದಿಂದ ಭಾನುವಾರದ ಪುರವಣಿ ತೆಗೆದು ಮುಂದೆ ಹಿಡಿದೆ. ಅವರು ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಹಿಂದೆ ಕೊಟ್ಟರು. “ಇದು ಬೇಡ, ನುಣುಪು ಜಾಸ್ತಿ. ಮಸಿ ಹೀರುವುದಿಲ್ಲ.”