ಕರಸ್ಥಲ ಮತ್ತೆ ತೆರೆಯಲಿ

ಇಷ್ಟಲಿಂಗವನ್ನಿರಿಸಿ ಪೂಜಿಸುವ ಎಡ ಅಂಗೈ ಪಾರ್ಶ್ವವಾಯುವಿನಿಂದ ಮುಷ್ಟಿಗಟ್ಟಿ ತೆರೆಯದಾದರೆ, ಭಕ್ತರಿಗಾಗುವ ನೋವು ದೇಹದ್ದಷ್ಟೇ ಅಲ್ಲ. ಆದರೆ ಪೆಟ್ಟು ಬಿದ್ದಿರುವುದು ಮೆದುಳಿಗೆ. ಕೈಯ ನರ, ಸ್ನಾಯುಗಳು ಜೀವಂತವಾಗಿಯೇ ಇರುತ್ತವೆ. ಮೊಣಕೈ ಮತ್ತು ಮಣಿಕಟ್ಟಿನ ನಡುವೆ, ಹೊರಬದಿಯಲ್ಲಿ ಪ್ಯಾಡ್ ಅಂಟಿಸಿ ಮಿತವಾದ ವಿದ್ಯುತ್ ಹರಿಸಿದಾಗ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಇದೇ ವಿದ್ಯುತ್ ಪ್ರಚೋದನೆ ಚಿಕಿತ್ಸೆ.

ಅದೇ ಕ್ಷಣದಲ್ಲಿ ರೋಗಿಯೂ ಮನಸ್ಸಿಟ್ಟು ಕೈ ತೆರೆಯಲು, ಲೋಟ ಹಿಡಿಯಲು ಯತ್ನಿಸಬೇಕು. ಯಂತ್ರ ನೆರವು ಮಾತ್ರ. ಮೆದುಳು ಮರಳಿ ಕಲಿಯುವುದು ನಿತ್ಯದ ಈ ಕಾಯಕದಿಂದ. ಪೂರ್ಣ ಗುಣದ ಭರವಸೆಯನ್ನು ಯಾರೂ ಕೊಡಲಾರರು. ಆದರೂ ಮೊದಲ ತಿಂಗಳುಗಳ ಅಭ್ಯಾಸ ಅಮೂಲ್ಯ.

ಪೇಸ್‌ಮೇಕರ್ ಇರುವವರು, ಮೂರ್ಛೆರೋಗಿಗಳು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಬಳಸಕೂಡದು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಸದ್ಭಕ್ತರು ಯಂತ್ರವನ್ನು ತಾವೇ ಕೊಳ್ಳುವ ಮುನ್ನ, ನಗರದ ಬಾಪೂಜಿಯಂತಹ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ತಜ್ಞರನ್ನು ಕಾಣುವುದು ಲೇಸು.