ಸಣ್ಣ ಕಾರಿಗೆ ಟ್ರೇಲರ್ ಹಿಚ್: ಬೋಲ್ಟ್ ಬಿಗಿಯೋ ಮುಂಚೆ ಒಂದಿಷ್ಟು ಲೆಕ್ಕ

ಅಮೆರಿಕದಲ್ಲಿ ನೆಲೆಸಿ ಎರಡು-ಮೂರು ವರ್ಷ ಆಯ್ತು ಅಂದ್ರೆ ಬಹಳಷ್ಟು ಕನ್ನಡದ ಮನೆಗಳಲ್ಲಿ ಈ ಮಾತು ಬಂದೇ ಬರುತ್ತೆ. ಅಪಾರ್ಟ್‌ಮೆಂಟ್ ಬದಲಾಯಿಸಬೇಕು. ಯಾರೋ ಊರು ಬಿಡೋರು ಸೋಫಾ ಪುಕ್ಕಟೆ ಕೊಡ್ತೀವಿ ಅಂದಿದ್ದಾರೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಸ್ಪೀಕರು, ಮಡಚುವ ಮೇಜು, ಅಡುಗೆಯ ದೊಡ್ಡ ಪಾತ್ರೆಗಳು ಎಲ್ಲ ಶಾಲೆಯ ಹಾಲ್‌ಗೆ ಹೋಗಬೇಕು. ಪ್ರತಿ ಸಲ ಟ್ರಕ್ ಬಾಡಿಗೆ ಕೊಡೋ ಬದಲು, "ನಮ್ಮ ಕಾರಿಗೇ ಒಂದು ಹಿಚ್ ಹಾಕಿಸಿಬಿಟ್ಟರೆ ಹೇಗೆ?"

ಹಿಚ್ ಅಂದರೆ ಕಾರಿನ ಹಿಂಭಾಗದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಅಡ್ಡಪಟ್ಟಿ. ಅದರ ಮಧ್ಯದ ಚೌಕಾಕಾರದ ಕೊಳವೆಗೆ ಗುಂಡು ಇರುವ ಸರಳು ಹೊಗುತ್ತೆ, ಆ ಗುಂಡಿನ ಮೇಲೆ ಟ್ರೇಲರ್ ಬಂದು ಕೂರುತ್ತೆ. ಆನ್‌ಲೈನ್‌ನಲ್ಲಿ ನಿಮ್ಮ ಕಾರಿನ ಹೆಸರು, ವರ್ಷ ಹಾಕಿದರೆ ಸರಿಯಾಗಿ ಹೊಂದುವ ಹಿಚ್ ತಕ್ಷಣ ಸಿಗುತ್ತೆ. "2,000 ಪೌಂಡ್ ಎಳೆಯುತ್ತೆ" ಅಂತ ಅದರ ಮೇಲೇ ಬರೆದಿರುತ್ತೆ.

ಎಡವಟ್ಟು ಆಗೋದು ಇಲ್ಲೇ. ಆ 2,000 ಪೌಂಡ್ ಹಿಚ್‌ನ ಶಕ್ತಿ. ನಿಮ್ಮ ಕಾರಿನ ಶಕ್ತಿ ಎಷ್ಟು ಅಂತ ಹೇಳೋಕೆ ಹಿಚ್ ಮಾಡಿದವರಿಗೆ ಹಕ್ಕಿಲ್ಲ. ಅದನ್ನು ಹೇಳಬೇಕಾದವರು ಕಾರು ಮಾಡಿದವರು. ಉತ್ತರ ಇರೋದು ಗ್ಲೋವ್ ಬಾಕ್ಸ್‌ನಲ್ಲಿ ಯಾರೂ ತೆರೆಯದೆ ಬಿದ್ದಿರುವ ಕೈಪಿಡಿಯಲ್ಲಿ.

ಒಂದೇ ಕಾರು, ಎರಡು ಉತ್ತರ

ಹೋಂಡಾ ಫಿಟ್ ತಗೊಳ್ಳಿ. 2006ರಿಂದ 2020ರವರೆಗೆ ಅಮೆರಿಕದಲ್ಲಿ ಮಾರಾಟವಾದ ಸಣ್ಣ ಕಾರು ಇದು. ಭಾರತಕ್ಕೆ 2009ರಲ್ಲಿ ಜಾಝ್ ಅನ್ನೋ ಹೆಸರಲ್ಲಿ ಬಂದಿದ್ದು ಇದೇ. ಅಮೆರಿಕದ ಫಿಟ್ ಕೈಪಿಡಿ ಈ ಕಾರನ್ನು ಟ್ರೇಲರ್ ಎಳೆಯಲು ರೂಪಿಸಿಲ್ಲ, ಎಳೆದರೆ ವಾರಂಟಿಗೆ ಧಕ್ಕೆ ಬರಬಹುದು ಅಂತ ನೇರವಾಗಿ ಹೇಳುತ್ತೆ. ಆದರೆ ಬ್ರಿಟನ್‌ನಲ್ಲಿ ಪೆಟ್ರೋಲ್ ಜಾಝ್‌ನ ಮ್ಯಾನ್ಯುಯಲ್ ಗೇರ್ ಮಾದರಿಗಳಿಗೆ ಟ್ರೇಲರ್ ಎಳೆಯಲು ಅನುಮತಿ ಇತ್ತು.

ಹಾಗಾದ್ರೆ ಅಮೆರಿಕದವರು ಸುಮ್ಮನೆ ಹೆದರಿಸ್ತಾರಾ? ಪೂರ್ತಿ ಹಾಗಲ್ಲ. ಬ್ರಿಟನ್‌ನಲ್ಲಿ ಟ್ರೇಲರ್ ಎಳೆಯುವ ಕಾರು ಮೋಟರ್‌ವೇಯಲ್ಲೂ ಗಂಟೆಗೆ 60 ಮೈಲಿ ದಾಟುವಂತಿಲ್ಲ, ಮೂರು ಲೇನ್ ಇರುವ ಕಡೆ ಬಲತುದಿಯ ಲೇನ್‌ಗೆ ಹೋಗುವಂತಿಲ್ಲ. ಜರ್ಮನಿಯಲ್ಲಿ ಸಾಮಾನ್ಯ ಮಿತಿ 80 ಕಿ.ಮೀ. ನಿಧಾನವಾಗಿ ಹೋಗೋದರಿಂದ ಅಲ್ಲಿ ಟ್ರೇಲರ್‌ನ ಮೂತಿಯ ಭಾರ ಕಡಿಮೆ ಇದ್ದರೂ ನಡೆಯುತ್ತೆ. ಅಮೆರಿಕದ ಹೆದ್ದಾರಿಯಲ್ಲಿ ಸುತ್ತಲಿನ ವಾಹನಗಳು 70 ಮೈಲಿ ವೇಗದಲ್ಲಿ ಹೋಗ್ತಿರ್ತವೆ. ಅಲ್ಲಿ ಟ್ರೇಲರ್ ಓಲಾಡಬಾರದು ಅಂದರೆ ಕಾರಿನ ಹಿಂಭಾಗದ ಮೇಲೆ ಹೆಚ್ಚು ಭಾರ ಕೂರಬೇಕು, ಸಣ್ಣ ಕಾರಿನ ಹಿಂದಿನ ಸಸ್ಪೆನ್ಷನ್‌ಗೆ ಅದು ಕಷ್ಟ.

"ಯುರೋಪಿನಲ್ಲಿ ಎಳೀತಾರಲ್ಲ, ನಾನೂ ಎಳೀತೀನಿ" ಅನ್ನೋರು ಆ ದೇಶದ ಸಂಖ್ಯೆಯನ್ನಷ್ಟೇ ಆರಿಸಿಕೊಂಡರೆ ಸಾಲದು. ಅಲ್ಲಿನ ವೇಗವನ್ನೂ, ಶಿಸ್ತನ್ನೂ ಜೊತೆಗೇ ತರಬೇಕಾಗುತ್ತೆ. ಇಷ್ಟಾದರೂ ವಿಮೆಯವರ ಮುಂದೆ ಕೆಲಸಕ್ಕೆ ಬರೋದು ನೀವಿರುವ ದೇಶದ ಕೈಪಿಡಿ ಮಾತ್ರ.

ಎಳೆಯಬಾರದು ಅಂದಮೇಲೆ ಫಿಟ್‌ಗೂ ಹಿಚ್ ಯಾಕೆ ಮಾರ್ತಾರೆ? ಮುಖ್ಯವಾಗಿ ಸೈಕಲ್ ರ‍್ಯಾಕ್‌ಗೆ. ಎರಡು ಸೈಕಲ್ ನೇತುಹಾಕೋದು ಬೇರೆ, ಅರ್ಧ ಟನ್ ಎಳೆಯೋದು ಬೇರೆ. ನಿಮ್ಮ ಕಾರಿನ ಕೈಪಿಡಿ "ಬೇಡ" ಅಂದಿದ್ದರೆ ಟ್ರೇಲರ್ ಮಾತು ಅಲ್ಲಿಗೇ ಬಿಡಿ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ವ್ಯಾನ್ ಬಾಡಿಗೆಯೇ ಅಗ್ಗ.

ಸರಪಳಿಯಲ್ಲಿ ಸಣ್ಣ ಕೊಂಡಿ ಯಾವುದು?

ಕೈಪಿಡಿ "ಎಳೆಯಬಹುದು" ಅಂದಿದೆ ಅಂದುಕೊಳ್ಳೋಣ. ಉದಾಹರಣೆಗೆ ಸುಬಾರು ಕ್ರಾಸ್‌ಟ್ರೆಕ್. ಅದರ ಸಾಮಾನ್ಯ ಮಾದರಿಗಳ ಮಿತಿ 1,500 ಪೌಂಡ್, ಅಂದರೆ ಸುಮಾರು 680 ಕೆ.ಜಿ. ಅದೇ ಹೆಸರಿನ ವೈಲ್ಡರ್‌ನೆಸ್ ಮಾದರಿಗೆ 3,500 ಪೌಂಡ್. ಪಕ್ಕದ ಮನೆಯವರ ಕಾರೂ ಕ್ರಾಸ್‌ಟ್ರೆಕ್ಕೇ ಅಂತ ಅವರ ಲೆಕ್ಕ ನಿಮಗೆ ಹೊಂದೋದಿಲ್ಲ.

ಈಗ ಟ್ರೇಲರ್. ಯು-ಹಾಲ್‌ನಲ್ಲಿ ಬಾಡಿಗೆಗೆ ಸಿಗುವ 4 ಅಡಿ ಅಗಲ, 8 ಅಡಿ ಉದ್ದದ ಮುಚ್ಚಿದ ಟ್ರೇಲರ್ ಖಾಲಿ ಇದ್ದಾಗಲೇ 850 ಪೌಂಡ್ ತೂಗುತ್ತೆ. ಅದರೊಳಗೆ 1,650 ಪೌಂಡ್ ತುಂಬಬಹುದು ಅಂತ ಕಂಪನಿ ಹೇಳುತ್ತೆ. ಅದು ಟ್ರೇಲರ್‌ನ ಶಕ್ತಿ. ನಿಮ್ಮ ಕಾರಿನ 1,500ರಲ್ಲಿ 850 ಕಳೆದರೆ ಉಳಿಯೋದು 650 ಪೌಂಡ್, ಸುಮಾರು 295 ಕೆ.ಜಿ. ಒಂದು ವಾಷಿಂಗ್ ಮೆಷಿನ್, ಒಂದು ಹಾಸಿಗೆ, ಊಟದ ಮೇಜು, ಹತ್ತು ಡಬ್ಬ ಪುಸ್ತಕ. ಅಷ್ಟಕ್ಕೇ ಲೆಕ್ಕ ಮುಗಿದುಹೋಗುತ್ತೆ. ಟ್ರೇಲರ್ ಒಳಗೆ ಇನ್ನೂ ಅರ್ಧ ಜಾಗ ಖಾಲಿ ಕಾಣುತ್ತೆ. "ಇನ್ನೊಂದು ಬೀರು ಹಿಡಿಸುತ್ತೆ" ಅಂತ ಸ್ನೇಹಿತರು ಹೇಳೇ ಹೇಳ್ತಾರೆ. ಹಿಡಿಸೋದಕ್ಕೂ ಎಳೆಯೋದಕ್ಕೂ ಸಂಬಂಧ ಇಲ್ಲ.

ಕಾರು, ಹಿಚ್, ಸರಳು, ಗುಂಡು, ಟ್ರೇಲರ್ ಎಲ್ಲಕ್ಕೂ ಒಂದೊಂದು ಮಿತಿ ಇದೆ. ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ನಿಮ್ಮ ಮಿತಿ.

ಇನ್ನೊಂದು ಸಂಖ್ಯೆ ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿದೆ: ಜನ ಮತ್ತು ಸಾಮಾನು ಸೇರಿ ಕಾರಿನೊಳಗೆ ಎಷ್ಟು ಭಾರ ಇರಬಹುದು ಅನ್ನೋದು. ಟ್ರೇಲರ್‌ನ ಮೂತಿ ಹಿಚ್ ಮೇಲೆ ಒತ್ತುವ ಭಾರವೂ, ಹಿಚ್‌ನ ತೂಕವೂ ಈ ಲೆಕ್ಕಕ್ಕೇ ಸೇರುತ್ತೆ. ಗಂಡ-ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದ ಅಪ್ಪ-ಅಮ್ಮ, ಡಿಕ್ಕಿ ತುಂಬ ಸೂಟ್‌ಕೇಸು, ಅದರ ಮೇಲೆ ಟ್ರೇಲರ್ ಅಂದರೆ ಸಣ್ಣ ಕಾರಿಗೆ ಆಗದ ಮಾತು.

ಹಾಕಿಸುವಾಗ ಏನೇನು ನೋಡಬೇಕು

ಸಣ್ಣ ಕಾರುಗಳಿಗೆ ಸಿಗೋದು ಸಾಮಾನ್ಯವಾಗಿ ಕ್ಲಾಸ್ 1 ಹಿಚ್. ಕೊಳವೆಯ ಅಳತೆ ಒಂದೂಕಾಲು ಇಂಚು, ಎಳೆಯುವ ಮಿತಿ 2,000 ಪೌಂಡ್, ಮೂತಿಭಾರದ ಮಿತಿ 200 ಪೌಂಡ್. ಎರಡಿಂಚು ಕೊಳವೆಗೆ ಅಡಾಪ್ಟರ್ ಹಾಕಿದ ಮಾತ್ರಕ್ಕೆ ಈ ಮಿತಿ ಏರೋದಿಲ್ಲ.

ಬಹಳಷ್ಟು ಕಾರುಗಳಲ್ಲಿ ಕೊರೆಯುವ ಕೆಲಸ ಇರೋದಿಲ್ಲ. ಚೌಕಟ್ಟಿನಲ್ಲಿ ಮೊದಲೇ ಇರುವ ತೂತುಗಳಿಗೇ ಬೋಲ್ಟ್ ಹೋಗುತ್ತೆ. ಕೆಲವು ಕಾರುಗಳಲ್ಲಿ ಸೈಲೆನ್ಸರ್‌ನ ರಬ್ಬರ್ ಹಿಡಿಕೆ ಬಿಚ್ಚಿ ಅದನ್ನು ಸ್ವಲ್ಪ ಕೆಳಗಿಳಿಸಬೇಕು, ಕೆಲವದರಲ್ಲಿ ಬಂಪರ್‌ನ ತಳಭಾಗ ಸ್ವಲ್ಪ ಕತ್ತರಿಸಬೇಕು. ಸ್ವಂತ ಮಾಡುವ ಉತ್ಸಾಹ ಇದ್ದರೆ ಒಂದು ಮಾತು: ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಡಿ. ಬೋಲ್ಟ್‌ಗಳನ್ನು ಕೈಅಂದಾಜಿನಲ್ಲಿ ಬಿಗಿಯೋದೂ ಬೇಡ. ಹಿಚ್ ಜೊತೆ ಬರುವ ಹಾಳೆಯಲ್ಲಿ ಎಷ್ಟು ಬಿಗಿ ಬೇಕು ಅಂತ ಇರುತ್ತೆ, ಅಷ್ಟಕ್ಕೆ ಟಾರ್ಕ್ ರೆಂಚ್ ಬೇಕು. ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಹಿಚ್ ಹಾಕಿಸಿದ ಮಾತ್ರಕ್ಕೆ ಇಡೀ ವಾರಂಟಿ ಹೋಗೋದಿಲ್ಲ. ಬೇರೆ ಕಂಪನಿಯ ಬಿಡಿಭಾಗ ಹಾಕಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ ಅನ್ನೋದು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ. ಆದರೆ ಕೈಪಿಡಿ ಬೇಡ ಅಂದಮೇಲೂ ಎಳೆದು, ಗೇರ್‌ಬಾಕ್ಸ್ ಕಾದು ಕೆಟ್ಟರೆ ಆ ಕಾಯ್ದೆ ನಿಮ್ಮ ಕೈಹಿಡಿಯೋದು ಕಷ್ಟ.

ಗುಂಡಿನ ಅಳತೆ ತಪ್ಪಿಸಲೇಬೇಡಿ. ಸಣ್ಣ ಟ್ರೇಲರ್‌ಗಳಲ್ಲಿ 1⅞ ಇಂಚು ಮತ್ತು 2 ಇಂಚು ಎರಡೂ ಬಳಕೆಯಲ್ಲಿವೆ. ಟ್ರೇಲರ್‌ನ ಮೂತಿಯ ಮೇಲೆ ಅಳತೆ ಅಚ್ಚು ಹಾಕಿರುತ್ತೆ. ಎರಡಿಂಚಿನ ಮೂತಿಗೆ ಸಣ್ಣ ಗುಂಡು ಕೊಟ್ಟರೆ ಕೂತ ಹಾಗೇ ಕಾಣುತ್ತೆ, ಬೀಗವೂ ಬೀಳುತ್ತೆ. ರಸ್ತೆಯ ಮೊದಲ ದೊಡ್ಡ ಉಬ್ಬಿನಲ್ಲಿ ಕಳಚಿಕೊಂಡು ಮೇಲೇಳಬಹುದು.

ನಾಲ್ಕು ವೈರು

ಟ್ರೇಲರ್‌ಗೆ ದೀಪ ಬೇಕು. ಅಮೆರಿಕದ ಸಣ್ಣ ಟ್ರೇಲರ್‌ಗಳಲ್ಲಿ ನಾಲ್ಕು ವೈರಿನ ಚಪ್ಪಟೆ ಪ್ಲಗ್ ಇರುತ್ತೆ. ಬಿಳಿ ಅರ್ತ್, ಕಂದು ಹಿಂದಿನ ದೀಪ, ಹಳದಿ ಎಡ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲ ಇಂಡಿಕೇಟರ್ ಮತ್ತು ಬ್ರೇಕ್. ಟ್ರೇಲರ್‌ನಲ್ಲಿ ಬ್ರೇಕ್‌ಗೂ ಇಂಡಿಕೇಟರ್‌ಗೂ ಒಂದೇ ಬಲ್ಬು. ನಿಮ್ಮ ಕಾರಿನಲ್ಲಿ ಇಂಡಿಕೇಟರ್ ಕಿತ್ತಳೆ ಬಣ್ಣದ ಬೇರೆ ಬಲ್ಬು ಆಗಿದ್ದರೆ ಎರಡನ್ನೂ ಒಟ್ಟುಗೂಡಿಸುವ ಕನ್ವರ್ಟರ್ ಪೆಟ್ಟಿಗೆ ಬೇಕಾಗುತ್ತೆ. ಬ್ಯಾಟರಿಯಿಂದಲೇ ಫ್ಯೂಸ್ ಹಾಕಿ ಪ್ರತ್ಯೇಕ ವಿದ್ಯುತ್ ಪಡೆಯುವ ಕನ್ವರ್ಟರ್ ಒಳ್ಳೇದು, ಕಾರಿನ ವೈರಿಂಗ್ ಮೇಲೆ ಹೊರೆ ಬೀಳೋದಿಲ್ಲ. ದೀಪಗಳು ಚಿತ್ರವಿಚಿತ್ರವಾಗಿ ಮಿಣುಕಿದರೆ ಮೊದಲು ಬಿಳಿ ವೈರ್ ನೋಡಿ. ಬಣ್ಣ, ತುಕ್ಕು ಕೆರೆದ ಶುದ್ಧ ಲೋಹಕ್ಕೆ ಅದು ಮುಟ್ಟಿರಬೇಕು.

ನೊಗದ ಲೆಕ್ಕ

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಈ ಭಾಗ ವಿವರಿಸಬೇಕಾಗಿಲ್ಲ. ಭಾರ ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲೇಳುತ್ತೆ, ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಕುತ್ತಿಗೆ ಕುಸಿಯುತ್ತೆ. ಟ್ರೇಲರ್‌ಗೂ ಅದೇ ನ್ಯಾಯ. ಅಮೆರಿಕದ ರೂಢಿಯಲ್ಲಿ ಒಟ್ಟು ಟ್ರೇಲರ್ ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ ಕೂರಬೇಕು. 1,500 ಪೌಂಡ್ ಟ್ರೇಲರ್‌ಗೆ ಕನಿಷ್ಠ 150 ಪೌಂಡ್, ಸುಮಾರು 68 ಕೆ.ಜಿ. ಆದರೆ ಕೈಪಿಡಿಯಲ್ಲಿರುವ ಮೂತಿಭಾರದ ಮಿತಿ ದಾಟಬಾರದು.

ಇದಕ್ಕೆ ಸುಲಭ ದಾರಿ: ಭಾರದ 60 ಭಾಗ ಟ್ರೇಲರ್‌ನ ಮುಂದಿನ ಅರ್ಧದಲ್ಲಿರಲಿ. ಭಾರದ ಸಾಮಾನು ತಳದಲ್ಲಿ, ಹಗುರದ್ದು ಮೇಲೆ, ಎಲ್ಲವನ್ನೂ ಪಟ್ಟಿ ಹಾಕಿ ಬಿಗಿಯಿರಿ. ಆಮೇಲೆ ಬಾತ್‌ರೂಮ್‌ನ ತೂಕದ ಯಂತ್ರ ತಂದು, ಅದರ ಮೇಲೆ ಮರದ ದಿಮ್ಮಿ ಇಟ್ಟು, ಟ್ರೇಲರ್ ಸಮತಟ್ಟಾಗಿ ನಿಲ್ಲುವ ಹಾಗೆ ಮೂತಿಯನ್ನು ಅದರ ಮೇಲೆ ಕೂರಿಸಿ. ಕಾಣುವ ಸಂಖ್ಯೆಯೇ ಮೂತಿಭಾರ. ಐದು ನಿಮಿಷದ ಕೆಲಸ.

ಹಿಂಭಾರವಾದ ಟ್ರೇಲರ್ ಊರೊಳಗೆ ಸುಮ್ಮನಿರುತ್ತೆ. ಹೆದ್ದಾರಿಯಲ್ಲಿ ಪಕ್ಕದಿಂದ ದೊಡ್ಡ ಟ್ರಕ್ ಹಾದುಹೋದಾಗ ಬಾಲ ಅಲ್ಲಾಡಿಸೋಕೆ ಶುರುಮಾಡುತ್ತೆ. ಹಗುರ ಕಾರಾದರೆ ಆ ಬಾಲವೇ ಕಾರನ್ನು ಅಲ್ಲಾಡಿಸುತ್ತೆ. ಆಗ ಗಾಬರಿಯಿಂದ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಮಾಡೋಕೂ ಹೋಗಬೇಡಿ. ಸ್ಟೀರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ಇಳಿದ ಹಾಗೆ ಓಲಾಟ ನಿಲ್ಲುತ್ತೆ. ಆಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಸಾಮಾನು ಮುಂದಕ್ಕೆ ಸರಿಸಿಯೇ ಹೊರಡಿ.

ವೇಗದ ಮಾತು

ಸಣ್ಣ ಟ್ರೇಲರ್‌ಗಳಿಗೆ ಹೆಚ್ಚಾಗಿ ಸ್ವಂತ ಬ್ರೇಕ್ ಇರೋದಿಲ್ಲ. ಹಿಂದಿನ ಅರ್ಧ ಟನ್ನನ್ನೂ ನಿಲ್ಲಿಸಬೇಕಾದ್ದು ನಿಮ್ಮ ಕಾರಿನ ಬ್ರೇಕೇ. 55 ಮೈಲಿಯಿಂದ 65ಕ್ಕೆ ಹೋದರೆ ಹೆಚ್ಚೋದು ಹತ್ತೇ ಮೈಲಿ, ಆದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ಸುಮಾರು 40 ಶೇಕಡಾ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ 55 ಮೈಲಿಯೇ ಕಾನೂನಿನ ಮಿತಿ. ಯು-ಹಾಲ್ ಕೂಡ ತನ್ನ ಟ್ರೇಲರ್‌ಗಳಿಗೆ ಅದೇ ಮಿತಿ ಹೇಳುತ್ತೆ. ಉಳಿದ ರಾಜ್ಯಗಳಲ್ಲಿ ವೇಗ, ಬ್ರೇಕ್, ನಂಬರ್ ಪ್ಲೇಟ್ ನಿಯಮ ಬೇರೆಬೇರೆ, ಹೊರಡುವ ಮುಂಚೆ ನೋಡಿಕೊಳ್ಳಿ. ವಿಮೆಯವರಿಗೂ ಒಂದು ಫೋನ್ ಮಾಡಿ: ಟ್ರೇಲರ್‌ನಿಂದ ಬೇರೆಯವರಿಗೆ ಆಗುವ ಹಾನಿಗೆ, ಟ್ರೇಲರ್‌ಗೆ, ಒಳಗಿನ ಸಾಮಾನಿಗೆ ಯಾವುದಕ್ಕೆ ರಕ್ಷಣೆ ಇದೆ ಅಂತ ಮೂರನ್ನೂ ಬೇರೆಬೇರೆಯಾಗಿ ಕೇಳಿ.

ಊರಲ್ಲಿರುವವರು ಇದನ್ನೋದಿ "ನಮ್ಮ ಕಾರಿಗೂ ವೆಲ್ಡಿಂಗ್ ಶಾಪ್‌ನಲ್ಲಿ ಒಂದು ಮಾಡಿಸೋಣ" ಅಂದುಕೊಂಡರೆ ಸ್ವಲ್ಪ ತಡೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆ ಬದಲಿಸೋದನ್ನು ನಿರ್ಬಂಧಿಸುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಟ್ರೇಲರ್‌ಗೂ ನೋಂದಣಿಯ ನಿಯಮ ಇದೆ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ಮುಂದಿನ ಮಾತು.

ಹೊರಡುವ ಮುಂಚೆ, ಫೋನಿನಲ್ಲಿ ಉಳಿಸಿಕೊಳ್ಳಲು

• ಕೈಪಿಡಿಯ ಎಳೆಯುವ ಮಿತಿ, ಟ್ರೇಲರ್‌ನ ಖಾಲಿ ತೂಕ, ಸಾಮಾನಿನ ತೂಕ ಮೂರನ್ನೂ ಕಾಗದದ ಮೇಲೆ ಬರೆದು ಕೂಡಿಸಿ ನೋಡಿದಿರಾ?
• ಗುಂಡಿನ ಅಳತೆ, ಮೂತಿಯ ಅಳತೆ ಒಂದೇನಾ? ಬೀಗ ಬಿದ್ದಮೇಲೆ ಮೂತಿಯನ್ನು ಮೇಲಕ್ಕೆತ್ತಿ ನೋಡಿ, ಕಳಚಬಾರದು.
• ಸರಳಿನ ಪಿನ್‌ಗೆ ಕ್ಲಿಪ್ ಹಾಕಿದೆಯಾ?
• ಸುರಕ್ಷತಾ ಸರಪಳಿಗಳು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ದಾಟಿವೆಯಾ? ಟ್ರೇಲರ್ ಕಳಚಿದರೆ ಮೂತಿ ನೆಲಕ್ಕೆ ಬಡಿಯದೆ ಅವುಗಳ ಮೇಲೆ ಬೀಳಬೇಕು.
• ಎರಡೂ ಇಂಡಿಕೇಟರ್, ಬ್ರೇಕ್ ದೀಪ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿದಿರಾ?
• ಟ್ರೇಲರ್ ಟೈರ್‌ಗಳ ಗಾಳಿ, ತಣ್ಣಗಿದ್ದಾಗಲೇ?
• ಹತ್ತು-ಹದಿನೈದು ಮೈಲಿ ಹೋದಮೇಲೆ ನಿಲ್ಲಿಸಿ ಬೋಲ್ಟ್, ಪಟ್ಟಿ, ಚಕ್ರದ ಬಿಸಿ ಮುಟ್ಟಿ ನೋಡಿ.

ಇಷ್ಟೆಲ್ಲ ಸರಿಯಿದ್ದರೆ ಸಣ್ಣ ಕಾರು ಸಣ್ಣ ಹೊರೆಯನ್ನು ನಿಶ್ಚಿಂತೆಯಿಂದ ಎಳೆಯುತ್ತೆ. ಇಷ್ಟರಲ್ಲಿ ಒಂದು ಸರಿಯಿಲ್ಲದಿದ್ದರೂ ಸೋಫಾ ಇನ್ನೊಂದು ವಾರ ಅವರ ಮನೆಯಲ್ಲೇ ಇರಲಿ ಬಿಡಿ.