ಮರಣ ಶಾಸನದಲ್ಲಿ ಪಾಲು ದೊರೆಯದ ಮಕ್ಕಳ ಹಕ್ಕುಗಳು

ತಂದೆ ಅಥವಾ ತಾಯಿಯ ಮರಣ ಶಾಸನದಲ್ಲಿ (ಉಯಿಲು) ತಮಗೆ ಸೂಕ್ತ ಪಾಲು ನೀಡಿಲ್ಲವೆಂದು, ಅದರ ನೋಂದಣಿ ರದ್ದುಪಡಿಸುವಂತೆ ವಯಸ್ಕ ಮಕ್ಕಳು ಉಪನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸುವುದುಂಟು. ಇಂತಹ ವಿವಾದವನ್ನು ತೀರ್ಮಾನಿಸುವ ಅಧಿಕಾರವು ಉಪನೋಂದಣಾಧಿಕಾರಿಗಳಿಗೆ ಇರುವುದಿಲ್ಲ. ಸಿವಿಲ್ ನ್ಯಾಯಾಲಯವನ್ನು ಸಂಪರ್ಕಿಸತಕ್ಕದ್ದು.

ಹಿಂದೂಗಳು ತಮ್ಮ ಸ್ವಯಾರ್ಜಿತ ಆಸ್ತಿಯನ್ನು ಇಚ್ಛೆಯಂತೆ ಯಾರಿಗಾದರೂ ಬರೆಯಬಹುದು. ಪಾಲು ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಮರಣ ಶಾಸನವು ಅಸಿಂಧುವಾಗುವುದಿಲ್ಲ. ಆದಾಗ್ಯೂ ಈ ಕೆಳಕಂಡ ಕಾರಣಗಳ ಮೇಲೆ ಅದನ್ನು ಪ್ರಶ್ನಿಸಬಹುದು:

1. ಬರೆದವರು ಸ್ವಸ್ಥಚಿತ್ತರಾಗಿರಲಿಲ್ಲ ಅಥವಾ ಒತ್ತಾಯ, ವಂಚನೆಗೆ ಒಳಗಾಗಿದ್ದರು.

2. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೇ ಪ್ರಕರಣದಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಿಲ್ಲ.

3. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮ್ಮ ಪಾಲನ್ನು ಮೀರಿ ಬರೆದಿದ್ದಾರೆ. 2005ರ ತಿದ್ದುಪಡಿಯನ್ವಯ ಈ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿದೆ.

ಯಾವುದೇ ಪಾಲು ದೊರೆಯದ ಅವಿವಾಹಿತ ಮಗಳು, ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ, 1956ರ 22ನೇ ಪ್ರಕರಣದಡಿ ಆಸ್ತಿ ಪಡೆದವರಿಂದ ಜೀವನಾಂಶ ಕೋರಬಹುದು. ವಯಸ್ಕ ಮಗನು ಈ ಪ್ರಕರಣದ ವ್ಯಾಪ್ತಿಗೆ ಬರುವುದಿಲ್ಲ.

ಮರಣ ಶಾಸನದ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾದ ಮಾತ್ರಕ್ಕೆ ಅದರ ಸಿಂಧುತ್ವ ರುಜುವಾತಾಗುವುದೂ ಇಲ್ಲ. ನೋಂದಾಯಿತ ಮರಣ ಶಾಸನದ ದೃಢೀಕೃತ ನಕಲನ್ನು, ಬರೆದವರ ಮರಣಾನಂತರ, ನೋಂದಣಿಯಾದ ಕಚೇರಿಯಲ್ಲಿ ಅರ್ಜಿ ಹಾಗೂ ನಿಗದಿತ ಶುಲ್ಕ ಸಲ್ಲಿಸಿ ಪಡೆಯಬಹುದು. ದಾವೆ ಹೂಡುವ ಮುನ್ನ ಇದನ್ನು ಪರಿಶೀಲಿಸುವುದು ಸೂಕ್ತ.